ಶೇಂಗಾ ಚೀಲ ಮತ್ತು ಗಾಡಿ ಕೀಲಿ

ಈ ತಿಂಗಳು ಕಾರಿನ ಖರ್ಚನ್ನು ಅರ್ಧಕ್ಕೆ ಇಳಿಸದಿದ್ದರೆ ನಾನು ಮಹಾಲಿಂಗಪ್ಪನೇ ಅಲ್ಲ!

ಈ ಘೋರ ಪ್ರತಿಜ್ಞೆ ಹೊರಬಿದ್ದದ್ದು ಶೆಟ್ಟಿಹಳ್ಳಿಯ ನಮ್ಮ ಬಾಡಿಗೆ ಮನೆಯ ಅಡುಗೆಮನೆ ಬಾಗಿಲಲ್ಲಿ. ಪೆಟ್ರೋಲು, ಸರ್ವಿಸು, ಇನ್ಶೂರೆನ್ಸು ಅಂತ ನಮ್ಮ ಸೆಕೆಂಡ್ ಹ್ಯಾಂಡ್ ಕಾರು ನನ್ನ ಸಂಬಳವನ್ನು ಮೇಯುತ್ತಿತ್ತು. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಕಾಶವ್ವ ತಲೆ ಎತ್ತಲಿಲ್ಲ.

"ಇಳೀಲಿಲ್ಲಂದ್ರ?"

"ಗಾಡಿ ಕೀಲಿ ನಿನ್ನ ಕೈಯಾಗ ಕೊಡತೀನಿ!"

ರೊಟ್ಟಿ ಬಡಿಯುವ ಸದ್ದು ನಿಂತಿತು. ನಾನು ಅಲ್ಲೇ ಎಚ್ಚರಾಗಬೇಕಿತ್ತು. ಆಕೆ ಡ್ರೈವಿಂಗ್ ಕಲಿತು, ಲೈಸೆನ್ಸ್ ಪಡೆದು ವರ್ಷವಾಗಿತ್ತು. 'ಕ್ಲಚ್ ಸವೀತೈತಿ' ಎಂದು ನಾನು ಕೀಲಿ ಮುಟ್ಟಗೊಟ್ಟಿರಲಿಲ್ಲ. ಆಯುಧಪೂಜೆಯ ದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಡುವುದಷ್ಟೇ ಆಕೆಯ ಪಾಲಿನ ಡ್ರೈವಿಂಗು. ನಿಜ ಹೇಳಿಬಿಡುತ್ತೇನೆ, ಆಕೆ ನನಗಿಂತ ಚೆನ್ನಾಗಿ ಓಡಿಸಿಬಿಟ್ಟರೆ ಎಂಬ ಭಯ ನನಗೆ!

ಯೋಜನೆ ಸರಳ. ಕಾರಿಗೆ ಕವರ್ ಹೊದಿಸಿ ಮನೆ ಮುಂದೆ ಮಲಗಿಸುವುದು. ಕಾಶವ್ವ ತಾನು ಕಲಿಸುವ ಯಲಹಂಕದ ಶಾಲೆಗೆ ಬಸ್ಸಿನಲ್ಲಿ ಹೋಗುವುದು, ಹೆಂಗಸರಿಗೆ ಹೇಗೂ ಫ್ರೀ. ನಾನು ಸಹೋದ್ಯೋಗಿ ಮನ್ಸೂರನ ಸ್ಕೂಟರ್ ಹಿಂದೆ ಕೂತು ಜಾಲಹಳ್ಳಿ ಆಫೀಸು ಸೇರುವುದು. ಅದೂ ಫ್ರೀ!

"ನಿಂತ ಗಾಡಿ ಕೆಡತೈತ್ರಿ. ನಡುನಡುವ ಚಾಲೂ ಮಾಡ್ರಿ."

"ಚಾಲೂ ಮಾಡಿದ್ರ ಪೆಟ್ರೋಲ್ ಸುಡೂದಿಲ್ಲೇನು?"

ನನ್ನ ಅರ್ಥಶಾಸ್ತ್ರಕ್ಕೆ ನಾನೇ ತಲೆದೂಗಿದೆ.

ಆದರೆ ಮನ್ಸೂರನ ಸ್ಕೂಟರ್ ಚಹಾದ ಅಂಗಡಿ ಕಂಡಲ್ಲೆಲ್ಲ ತಾನಾಗಿಯೇ ನಿಲ್ಲುತ್ತಿತ್ತು. "ಪೆಟ್ರೋಲ್ ನಂದು, ಚಾಯ್ ನಿಮ್ದು. ಹಿಸಾಬ್ ಬರಾಬರ್ ಸಾರ್!" ಎನ್ನುತ್ತಿದ್ದ. ಚಾಯ್ ಜೊತೆ ಸಮೋಸ, ಸಮೋಸದ ಜೊತೆ ಇನ್ನೊಂದು ಸಮೋಸ. ಇರಲಿ, ಅದು ತಿಂಡಿಯ ಲೆಕ್ಕ, ಗಾಡಿಯ ಲೆಕ್ಕವಲ್ಲ ಎಂದು ಸಮಾಧಾನಪಟ್ಟುಕೊಂಡೆ.

ಅಷ್ಟರಲ್ಲಿ ಊರಿನಿಂದ ಅಣ್ಣ ಬಸ್ಸಿಗೆ ಹಾಕಿ ಕಳಿಸಿದ ಶೇಂಗಾ ಚೀಲ ಬಂತು. ಮನೆಯಲ್ಲಿ ಜಾಗವಿಲ್ಲ. ನನ್ನ ತಲೆಯಲ್ಲಿ ಬಲ್ಬು ಹೊತ್ತಿತು. ನಿಂತ ಗಾಡಿಯಂದರೆ ಬಾಡಿಗೆಯಿಲ್ಲದ ಗೋಡೌನ್! ಚೀಲವನ್ನು ಎತ್ತಿ ಡಿಕ್ಕಿಗೆ ಹಾಕಿದೆ.

"ರೀ, ಶೇಂಗಾ ವಾಸನಿಗಿ ಇಲಿ ಬರತಾವ!"

"ಕಾರಿನೊಳಗ ಇಲಿ ಹೆಂಗ ಬರತೈತಿ? ಲೈಸೆನ್ಸ್ ತಗೊಂಡು ಬರತೈತೇನು?"

"ಲೈಸೆನ್ಸ್ ಇದ್ದಾಕೀನ್ನ ನೀವು ಹತ್ರ ಬಿಡೂದಿಲ್ಲ. ಇಲಿಗೆ ಮಾತ್ರ ದಾವತ್ ಇಟ್ಟೀರಿ!"

ತಿಂಗಳ ಕೊನೆಯ ಭಾನುವಾರ ಹುಣಸಮಾರನಹಳ್ಳಿಯಲ್ಲಿ ಆಕೆಯ ತಮ್ಮ ಚನ್ನುವಿನ ಹೊಸ ಮನೆ ಪ್ರವೇಶ. ಅಲ್ಲಿಯವರೆಗೆ ಪೆಟ್ರೋಲಿಗೆ ಬಿಡಿಗಾಸೂ ಬಿಚ್ಚಿರಲಿಲ್ಲ. ಕಾಶವ್ವ ಇಳಕಲ್ ಸೀರೆ ಉಟ್ಟು ನಿಂತಳು. ನಾನು ವಿಗ್ರಹ ಅನಾವರಣ ಮಾಡುವ ಮಂತ್ರಿಯ ಗತ್ತಿನಲ್ಲಿ ಕವರ್ ಎಳೆದು, ಒಳಗೆ ಕೂತು ಕೀಲಿ ತಿರುಗಿಸಿದೆ.

ಕಟಕ್!

ಮತ್ತೆ ತಿರುಗಿಸಿದೆ. ಈ ಸಲ ಅದೂ ಇಲ್ಲ.

ಮೂಲೆಯ ಗ್ಯಾರೇಜಿನ ಅಕ್ಬರ್ ಪಾಷಾ ಓಡಿಬಂದು ಬಾನೆಟ್ ಎತ್ತಿದ. ಎತ್ತಿದವನೇ ಮೆಲ್ಲಗೆ ಅರ್ಧ ಮುಚ್ಚಿದ.

"ಜೋರಾಗ್ ಮಾತಾಡ್ಬೇಡಿ ಸಾರ್. ಒಳಗೆ ಬಾಣಂತನ ನಡೀತಾ ಇದೆ!"

ಇಣುಕಿದೆ. ನನ್ನ ಸೀಟಿನ ಸ್ಪಂಜು, ನನ್ನ ಶೇಂಗಾದ ಸಿಪ್ಪೆ, ಅದರ ಮೇಲೆ ಕಣ್ಣು ಬಿಡದ ಮರಿಗಳು! ತಾಯಿ ಇಲಿ, ನಾನು ಬಾಡಿಗೆ ಕೇಳಲು ಬಂದವನೇನೋ ಎಂಬಂತೆ ದುರುಗುಟ್ಟಿ ನೋಡಿ ಒಳಗೆ ನುಸುಳಿತು.

"ವೈರಿಂಗ್ ಪೂರಾ ಕಡಿದಾಕಿವೆ ಸಾರ್," ಎಂದು ಪಾಷಾ ರಿಪೇರಿಯ ಅಂದಾಜು ಹೇಳಿದ. ಆ ದುಡ್ಡಿನ ಪೆಟ್ರೋಲಿನಲ್ಲಿ ನಮ್ಮೂರು ಬಾಗಲಕೋಟೆಗೆ ಹೋಗಿ, ಬಂದು, ಏನೋ ಮರೆತೆನೆಂದು ಮತ್ತೆ ಹೋಗಿಬರಬಹುದಿತ್ತು! ಬೆಟ್ಟ ಅಗೆದು ಇಲಿ ಹಿಡಿದವರ ಗಾದೆ ಕೇಳಿದ್ದೆ. ನಾನು ಉಳಿತಾಯ ಮಾಡಿ ಇಲಿ ಸಾಕಿದ್ದೆ.

ಆದರೂ ಕೊನೆಯ ಅಸ್ತ್ರ ಬಿಟ್ಟೆ. "ನೋಡು, ಇದು ಇಲಿಯ ಲೆಕ್ಕ. ಗಾಡಿಯ ಲೆಕ್ಕದಾಗ ಬರೂದಿಲ್ಲ."

ಕಾಶವ್ವ ಅಂಗೈ ಚಾಚಿದಳು. ಪಾಷಾನೂ ನೋಡುತ್ತಿದ್ದ. ಕೀಲಿ ಕೊಟ್ಟೆ.

ಚನ್ನುವಿನ ಮನೆಗೆ ಅವತ್ತು ಬಸ್ಸಿನಲ್ಲೇ ಹೋದೆವು. ಗಾಡಿ ರಿಪೇರಿಯಾಗಿ ಬಂದ ಬೆಳಿಗ್ಗೆ ಕಾಶವ್ವ ಸ್ಟೇರಿಂಗ್ ಹಿಡಿದು ಕೂತಿದ್ದಳು. ನಾನು ಪಕ್ಕದ ಬಾಗಿಲಿಗೆ ಕೈ ಹಾಕಿದೆ.

"ಮುಂದ ಹೆಣ್ಮಕ್ಕಳ ಸೀಟು. ಹಿಂದ ಹೋಗ್ರಿ."

ಆಕೆಯ ಶಾಲೆಯ ಟೀಚರ್, ಪಕ್ಕದ ಬೀದಿಯ ಅತೀಯಾ ಮೇಡಂ, ನಗುತ್ತಾ ಬಂದು ಮುಂದೆ ಕೂತರು. ಗಾಡಿ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೊರಟಿತು. ಆ ಹಾಳು ಕ್ಲಚ್ ಒಂದು ಸಲವಾದರೂ ಕಿರುಗುಟ್ಟಬಾರದೇ?

"ಟಿಕೆಟ್!" ಎಂದಳು ಕಾಶವ್ವ, ಕನ್ನಡಿಯಲ್ಲಿ ನನ್ನನ್ನು ನೋಡುತ್ತಾ.

"ನನಗ್ಯಾಕ ಟಿಕೆಟ್?"

"ಫ್ರೀ ಹೆಣ್ಮಕ್ಕಳಿಗಷ್ಟ. ನೀವ ಹೇಳಿದ್ರೆಲ್ಲ?"

ಜೇಬಿನಲ್ಲಿ ಐನೂರರ ನೋಟು ಬಿಟ್ಟರೆ ಬೇರೆ ಇರಲಿಲ್ಲ. ಕೊಟ್ಟೆ.

"ಚಿಲ್ಲರೆ ಇಲ್ಲ. ಇಳಿಯೂ ಮುಂದ ತಗೋರಿ."

ಜಾಲಹಳ್ಳಿಯಲ್ಲಿ ಇಳಿದೆ. ಚಿಲ್ಲರೆಗೆಂದು ಕಿಟಕಿಯತ್ತ ಬಾಗುವಷ್ಟರಲ್ಲಿ ಅತೀಯಾ ಮೇಡಂ ಬಾಗಿಲಿಗೆ ಎರಡೇಟು ಬಡಿದು ಕೂಗಿದರು:

"ರೈಟ್, ರೈಟ್!"

ಗಾಡಿ ಹೊರಟೇ ಹೋಯಿತು.