ಮಾವನವರ ಹೂಂಕಾರ

ಒಂದು ಗಿಟಾರಿಗೆ ಹೊಸ ಬ್ರಿಡ್ಜ್ ಕೂರಿಸಲು ರಿಪೇರಿಯವನ ಕೈಕಾಲು ಹಿಡಿಯಬೇಕೇ? ಛೇ! ಮುಗಿಲೆತ್ತರದ ಕಟ್ಟಡಗಳಲ್ಲಿ ಜನರನ್ನು ಉಕ್ಕಿನ ಹಗ್ಗಕ್ಕೆ ನೇತುಹಾಕಿ ‘ಸುರಕ್ಷಿತ’ ಎಂದು ಮೊಹರು ಒತ್ತುವ ಲಿಫ್ಟ್ ಇನ್‌ಸ್ಪೆಕ್ಟರನಿಗೆ ಆರು ತಂತಿ ಯಾವ ಲೆಕ್ಕ! ಹೀಗೆಂದು ಲಿಫ್ಟಪ್ಪ ಭಾನುವಾರ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಾ ಘೋಷಿಸಿದ. ಲಿಫ್ಟಪ್ಪ ಎಂಬುದು ಮಾವನವರು ಇಟ್ಟ ಹೆಸರು. ಅವರು ತೀರಿಕೊಂಡು ವರ್ಷವಾದರೂ ಹೆಸರು ಮಾತ್ರ ಗಟ್ಟಿಮುಟ್ಟಾಗಿತ್ತು.

ಗಿಟಾರೂ ಮಾವನವರದ್ದೇ. ತಂತಿಗಳ ಬುಡವನ್ನು ಕಚ್ಚಿ ಹಿಡಿದು, ಹಿಡಿಕೆ ಅಲ್ಲಾಡಿಸಿದರೆ ತಾನೂ ಅಲ್ಲಾಡಿ ಸ್ವರವನ್ನು ತೂಗುವ ಲೋಹದ ತುಂಡೇ ಬ್ರಿಡ್ಜ್. ಆರ್ಕೆಸ್ಟ್ರಾದಲ್ಲಿ ದುಡಿದು ದುಡಿದು ಅದು ಸವೆದಿತ್ತು. ಒಮ್ಮೆ ತೂಗಿದರೆ ಸಾಕು, ಹೋದ ಶ್ರುತಿ ಮನೆಗೆ ಮರಳುತ್ತಿರಲಿಲ್ಲ. ಬರುವ ಶನಿವಾರ ಹೆಂಡತಿ ಅಪ್ಪನ ಹಳೆಯ ತಂಡದ ಜೊತೆ, ಅಪ್ಪ ನಿಲ್ಲುತ್ತಿದ್ದ ಜಾಗದಲ್ಲೇ ನಿಂತು ನುಡಿಸಬೇಕಿತ್ತು. ಅದನ್ನು ನೆನೆದರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

“ಬೇಡ ರೀ. ಗೊತ್ತಿರೋರ ಹತ್ರಾನೇ ಮಾಡಿಸೋಣ.”

“ಬ್ರಿಡ್ಜ್ ಅಂದ್ರೆ ಸೇತುವೆ ತಾನೇ? ಕೋತಿಗಳೇ ಕಟ್ಟಿಬಿಟ್ವು ಕಣೇ!”

“ಆ ಒಂದು ಧೈರ್ಯದ ಮೇಲೇ ನಿಮ್ಮ ಕೈಗೆ ಕೊಡ್ತಿದ್ದೀನಿ. ಆದ್ರೆ ಹಳೇದನ್ನ ಎಸೀಬೇಡಿ. ಅದರ ಮೇಲೆ ಅಪ್ಪನ ಅಂಗೈ ಸವೆದ ಗುರುತಿದೆ. ಅದು ನನಗೆ ಬೇಕು.”

“ಕಣ್ಣಲ್ಲಿ ಕಣ್ಣಿಟ್ಟು ಕಾಯ್ತೀನಿ!”

ಅವಳು ಸಾಲ ತಂದ ಗಿಟಾರ್ ಹೊತ್ತು ಅಭ್ಯಾಸಕ್ಕೆ ಹೋದಳು. ಅತ್ತೆ ಒಳಕೋಣೆಯಲ್ಲಿ ಮಲಗಿದ್ದರು. ಲಿಫ್ಟಪ್ಪ ಊಟದ ಮೇಜಿನ ಮೇಲೆ ಬೆಡ್‌ಶೀಟ್ ಹಾಸಿ, ಗಿಟಾರನ್ನು ಅಂಗಾತ ಮಲಗಿಸಿ, ತಂತಿ ಬಿಗಿದಿದ್ದ ಬೀಗಗಳನ್ನು ಸಡಿಲಿಸಿದ. ಮೊದಲು ಬ್ರಿಡ್ಜಿನ ಅಡಿಗೆ ಒಂದು ಮರದ ತುಂಡು ಕೊಡಬೇಕಿತ್ತು. ಕೊಡಲಿಲ್ಲ. ಆರೂ ತಂತಿಗಳನ್ನು ಕಟಕಟನೆ ಕತ್ತರಿಸಿದ.

ಹಿಂಬದಿಯ ಸ್ಪ್ರಿಂಗುಗಳು ಬ್ರಿಡ್ಜನ್ನು ಧಡಕ್ಕನೆ ಒಳಗೆ ಎಳೆದುಕೊಂಡವು. ಆಮೇಲೆ ಗಿಟಾರಿನ ಹೊಟ್ಟೆಯೊಳಗಿಂದ ಸದ್ದೊಂದು ಎದ್ದಿತು.

“ಹೂಂ... ಊಂ... ಊಂ...”

ಲಿಫ್ಟಪ್ಪನ ಕೈಯ ಸ್ಪ್ಯಾನರ್ ಕೆಳಗೆ ಬಿತ್ತು. ಫ್ಯಾನ್ ನಿಂತಿತ್ತು, ಪರದೆ ಅಲುಗುತ್ತಿರಲಿಲ್ಲ, ಕಬ್ಬಿಣದ ಬೀರು ಮಾತ್ರ ಆ ಸದ್ದನ್ನು ಸಣ್ಣಗೆ ಮೆಲುಕು ಹಾಕುತ್ತಿತ್ತು. ಆ ‘ಹೂಂ’ ಅವನಿಗೆ ಚೆನ್ನಾಗಿ ಗೊತ್ತು! ಹೆಣ್ಣು ನೋಡಲು ಹೋದಾಗ ಅವನು ತನ್ನ ಸಂಬಳಕ್ಕೆ ಒಂದಿಷ್ಟು ಗಾಳಿ ಊದಿ ಹೇಳಿದ್ದ. ಆಗ ಮಾವನವರು ಮೂಗಿನಿಂದ ಎಳೆದಿದ್ದು ಇದೇ ‘ಹೂಂ’. ಹೌದು ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ. ‘ಮುಂದುವರಿಸು, ಕೇಳ್ತಿದ್ದೀನಿ’ ಎಂಬ ಹೂಂ.

ಆದರೆ ಗಂಡಸು ಹೆದರಿದರೆ ಕೆಲಸ ನಡೆದೀತೇ? ಹಿಂದಿನ ಮುಚ್ಚಳ ಬಿಚ್ಚಿದ. ಸ್ಪ್ರಿಂಗುಗಳ ಅಡಿಯಿಂದ ಕಪ್ಪು ಹಿಡಿದ ಸ್ಪಂಜಿನ ತುಂಡೊಂದು ಆ ಹೊಡೆತಕ್ಕೆ ಜಾರಿ ಪಕ್ಕಕ್ಕೆ ಬಿದ್ದಿತ್ತು. ಕಸವೆಂದು ಬಿಸಾಡಿದ. ಹೊಸ ಬ್ರಿಡ್ಜ್ ಕೂರಿಸಿ ಹೊಸ ತಂತಿ ಏರಿಸಿದ. ಅಸಲು ಗ್ರಹಚಾರ ಶುರುವಾದದ್ದು ಆಗಲೇ! ಒಂದು ತಂತಿ ಬಿಗಿದರೆ ಬ್ರಿಡ್ಜ್ ತಲೆ ಎತ್ತುತ್ತಿತ್ತು, ಉಳಿದ ಐದೂ ಜೋಲುತ್ತಿದ್ದವು. ಥೇಟ್ ಕೂಡು ಕುಟುಂಬ: ಒಬ್ಬರನ್ನು ಸಮಾಧಾನಪಡಿಸಿದರೆ ಮಿಕ್ಕವರೆಲ್ಲ ಮುಖ ಊದಿಸುತ್ತಿದ್ದರು. ಸುತ್ತಿ ಬಿಚ್ಚಿ, ಬಿಚ್ಚಿ ಸುತ್ತಿ, ಬೆರಳು ಬೊಬ್ಬೆ ಎದ್ದ ಮೇಲೆ ಎಲ್ಲರೂ ರಾಜಿಯಾದರು.

ಒಂದು ಸ್ಕ್ರೂ ಮಾತ್ರ ಕಡಿಮೆ. ಮಾದರಿ ತೋರಿಸಲೆಂದು ಹಳೆಯ ಬ್ರಿಡ್ಜನ್ನೇ ಹಿಡಿದು ಅಂಗಡಿಗೆ ಹೊರಟ. ಲಿಫ್ಟಿನೊಳಗೆ ಕಾಲಿಡುವಾಗ ಬೊಬ್ಬೆ ಎದ್ದ ಬೆರಳು ಜಾರಿತು. ಲಿಫ್ಟಿಗೂ ನೆಲಕ್ಕೂ ನಡುವಿನ ಸಂದಿಯಲ್ಲಿ ಬ್ರಿಡ್ಜ್ ಮಾಯ! ಕೆಳಗೆ, ಬಹಳ ಕೆಳಗೆ, ಕತ್ತಲೆಯಲ್ಲಿ ‘ಠಣ್’ ಎಂದಿತು. ಸಂದಿ ಅಗಲವಾದರೆ ಊರವರಿಗೆಲ್ಲ ನೋಟಿಸು ಜಡಿಯುವವನು, ಸ್ವಂತ ಕಟ್ಟಡದ ಸಂದಿಗೆ ‘ನಮ್ಮದೇ ತಾನೇ’ ಎಂದು ಕಣ್ಣು ಮುಚ್ಚಿ ಮೊಹರು ಒತ್ತಿದ್ದ. ಮಾಡಿದ್ದುಣ್ಣೋ ಮಹಾರಾಯ! ಸ್ಕ್ರೂ ಮಾತ್ರ ಅಂದಾಜಿನ ಮೇಲೆ ತಂದು ಬಿಗಿದ.

ಮುಸ್ಸಂಜೆಗೆ ಹೆಂಡತಿ ಬಂದಳು. ನಿಂತುಕೊಂಡೇ ನುಡಿಸಿದಳು, ತೂಗಿದಳು, ಕಣ್ಣರಳಿಸಿದಳು. “ಶ್ರುತಿ ಕೂದಲೆಳೆಯಷ್ಟೂ ಜಾರಲ್ಲ ರೀ!” ಎಂದು ಗಿಟಾರನ್ನು ಮೂಲೆಯ ಸ್ಟ್ಯಾಂಡಿಗೆ ಒರಗಿಸಿದಳು. “ಹಳೇದೆಲ್ಲಿ?”

“ಬೀರುವಿನಲ್ಲಿ ಭದ್ರವಾಗಿದೆ!” ಎಂದ ಲಿಫ್ಟಪ್ಪ, ಗಂಟಲೇರಿಸಿ.

ಮೂಲೆಯಿಂದ ಬಂತು: “ಹೂಂ... ಊಂ...”

ಯಾರೂ ಅದನ್ನು ಮುಟ್ಟಿರಲಿಲ್ಲ. ಹೆಂಡತಿ ಅತ್ತ ನೋಡಿದಳು, ಇತ್ತ ನೋಡಿದಳು. “ಈ ಸ್ಕ್ರೂ ಹೊಸದು. ಭಾನುವಾರ ಅಂಗಡಿ ತೆಗೆದಿತ್ತಾ?” ಎಂದಳು.

“ತೆಗೆದಿತ್ತು.” ಗಿಟಾರ್ ಗಪ್‌ಚುಪ್.

“ಬೀರು ಅಂದ್ರಲ್ಲ, ಯಾವ ಅರೆಯಲ್ಲಿ?”

“ಮೇಲಿನ ಅರೆಯಲ್ಲಿ! ಬಟ್ಟೆ ಸುತ್ತಿ!”

“ಹೂಂ... ಊಂ... ಊಂ...”

ಒಳಕೋಣೆಯ ಬಾಗಿಲು ಕಿರ್ ಎಂದಿತು. ಅತ್ತೆ ಹೊಸ್ತಿಲಲ್ಲಿ ನಿಂತಿದ್ದರು. ಸೆರಗು ಸರಿಮಾಡಿಕೊಂಡು, ಕತ್ತಲು ತುಂಬಿದ ಆ ಮೂಲೆಯನ್ನೇ ನೋಡುತ್ತಾ ಮೆಲ್ಲಗೆ ಕೇಳಿದರು: “ಬಂದ್ರಾ?”

ಲಿಫ್ಟಪ್ಪ ಮೂಲೆಗೆ ಧಾವಿಸಿದ. ಗಿಟಾರಿನ ಮೇಲೆ ಟವೆಲು ಎಸೆದ. “ಗಾಳಿ ಅತ್ತೆ, ಬರೀ ಗಾಳಿ! ನಾನ್ಯಾಕೆ ಸುಳ್ಳು ಹೇಳಲಿ!” ಟವೆಲಿನ ಒಳಗಿಂದಲೂ ಬಂತು: “ಹೂಂ... ಊಂ...”

“ಸಾಕು ಮಾವಾ!” ಅವನು ಕುಸಿದು ಕೂತ. ದನಿ ಪಾತಾಳಕ್ಕಿಳಿದಿತ್ತು. “ಲಿಫ್ಟಿನ ಗುಂಡಿಗೆ ಬಿತ್ತು. ನನ್ನ ಕೈಯಿಂದಲೇ ಬಿತ್ತು. ತಪ್ಪಾಯ್ತು.”

ಮೂಲೆ ಉಸಿರೆತ್ತಲಿಲ್ಲ. ಹೆಂಡತಿಯ ಕಣ್ಣು ತುಂಬಿ ಬಂತು. ಆಮೇಲೆ ಟವೆಲು ತೆಗೆದು, ಗಿಟಾರನ್ನು ತಿರುಗಿಸಿ, ಹಿಂದಿನ ಸ್ಪ್ರಿಂಗುಗಳ ಮೇಲೆ ಅಂಗೈ ಇಟ್ಟಳು.

“ಇಲ್ಲಿದ್ದ ಸ್ಪಂಜು?”

“ಕಸ ಅಂತ...”

“ಎದುರಿಗೆ ಒಂದು ಸ್ವರ ಹೊರಟ್ರೆ ಈ ಸ್ಪ್ರಿಂಗುಗಳೂ ಅದೇ ಸ್ವರದಲ್ಲಿ ನಡುಗ್ತವೆ. ಸುಳ್ಳು ಹೇಳುವಾಗ ನಿಮ್ಮ ದನಿ ಸರಿಯಾಗಿ ಆ ಸ್ವರಕ್ಕೇ ಏರುತ್ತೆ. ಅಪ್ಪನಿಗೆ ಮೊದಲ ದಿನಾನೇ ಗೊತ್ತಾಗಿತ್ತು. ನಮ್ಮ ಮದುವೆಯಾದ ವಾರವೇ ಸ್ಪಂಜು ತುರುಕಿದ್ರು. ‘ಪಾಪ, ಹುಡುಗನ ಮಾನ ಉಳೀಲಿ’ ಅಂದ್ರು.”

ಲಿಫ್ಟಪ್ಪನಿಗೆ ನಾಚಿಕೆಯಾಯಿತು. ಇಷ್ಟು ವರ್ಷ ತನ್ನನ್ನು ಕಾಡಿದರೆಂದುಕೊಂಡ ಮನುಷ್ಯ ಸದ್ದಿಲ್ಲದೆ ಕಾಪಾಡಿದ್ದರು! ಆಗಲೇ ಎದ್ದು ಲಿಫ್ಟ್ ನಿಲ್ಲಿಸಿ, ಟಾರ್ಚು ಹಿಡಿದು ಗುಂಡಿಗೆ ಇಳಿದ. ಜಿಡ್ಡು, ಜೇಡರ ಬಲೆ, ಯಾರದೋ ಒಂಟಿ ಚಪ್ಪಲಿ. ನಡುವೆ ಬ್ರಿಡ್ಜ್ ಸಿಕ್ಕಿತು. ಮೂಲೆ ಜಜ್ಜಿತ್ತು, ಅಂಗೈಯ ಗುರುತು ಹಾಗೇ ಇತ್ತು. ಹೆಂಡತಿ ಅದನ್ನು ಸೆರಗಿನಲ್ಲಿ ಒರೆಸಿ ಎದೆಗೊತ್ತಿಕೊಂಡಳು. ಸ್ಪಂಜನ್ನು ಮಾತ್ರ ಹಾಕಲಿಲ್ಲ.

ಶನಿವಾರ ಅವಳು ಗಿಟಾರ್ ತೆಗೆದುಕೊಂಡು ಮೊದಲೇ ಹೊರಟಳು. ಖಾಲಿ ಸ್ಟ್ಯಾಂಡ್ ನೋಡಿದ ಲಿಫ್ಟಪ್ಪನಿಗೆ ಹೋದ ಜೀವ ಬಂದಂತಾಯಿತು. ಬೂಟಿನ ದಾರ ಕಟ್ಟಿಕೊಳ್ಳುತ್ತಾ, ಹೊರಡಲು ಸಿದ್ಧರಾಗಿದ್ದ ಅತ್ತೆಗೆ ಕೇಳುವಂತೆ ಹೇಳಿದ: “ನಿಜ ಹೇಳ್ಬೇಕು ಅಂದ್ರೆ ಅತ್ತೆ, ಆವತ್ತು ನನಗೇನೂ ಹೆದರಿಕೆ ಆಗಿರ್ಲಿಲ್ಲ!”

“ಹೂಂ... ಊಂ... ಊಂ...”

ಬೆನ್ನ ಹಿಂದೆಯೇ! ಲಿಫ್ಟಪ್ಪ ದಾರ ಹಿಡಿದವನು ಹಾಗೇ ಕಲ್ಲಾದ. ಕತ್ತು ಹೊರಳಿಸುವಷ್ಟು ಧೈರ್ಯವೂ ಉಳಿದಿರಲಿಲ್ಲ.

ಅತ್ತೆ ಅವನನ್ನು ದಾಟಿ ಮುಂದೆ ಬಂದು, ನಿಧಾನಕ್ಕೆ ಚಪ್ಪಲಿ ಮೆಟ್ಟಿಕೊಂಡರು.

“ನಡೀರಿ ಅಳಿಯಂದ್ರೇ, ಹೊತ್ತಾಯ್ತು. ಗಿಟಾರ್ ಮನೇಲಿಲ್ಲ ಅಂದ್ರೆ, ಯಾರಾದ್ರೂ ಹೂಂಗುಟ್ಟಬೇಕಲ್ಲ!”