ಗದ್ದದ ಮೇಲೆ ಠಿಕಾಣಿ ಹೂಡಿರುವ ಆಂಡ್ರೋಜೆನ್ ಅವರಿಗೆ

ಅಂಡಾಶಯದಲ್ಲೊಂದು, ಮೂತ್ರಪಿಂಡದ ನೆತ್ತಿಯ ಮೇಲಿನ ಗ್ರಂಥಿಯಲ್ಲೊಂದು ಕಚೇರಿ ತೆರೆದು, ರಜೆಯನ್ನೇ ಪಡೆಯದೆ ದುಡಿಯುತ್ತಿರುವ ಮಾನ್ಯ ಆಂಡ್ರೋಜೆನ್ ಅವರ ಸನ್ನಿಧಿಗೆ, ಕಾಗವಾಡದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ಪ್ರಾಜಕ್ತಾ ಚೌಗಲಾ ಎಂಬ ಬಡ ಶಿಕ್ಷಕಿ ಮಾಡುವ ಜೈಜಿನೇಂದ್ರಗಳು.

ಮಾನ್ಯರೇ, ಪಠ್ಯಪುಸ್ತಕದ ಪ್ರಕಾರ ತಾವು ಗಂಡಸರ ಹಾರ್ಮೋನು. ಹಾಗೆಂದೇ ನಾನು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತಿದ್ದೆ. ತಾವು ನನ್ನ ಗದ್ದದ ಮೇಲೆ ಮೊದಲ ಕೂದಲನ್ನು ನೆಟ್ಟಾಗ ಅದು ತಮ್ಮ ಕೃಪೆಯೆಂದು ತಿಳಿಯದೆ ನಾನು ಚಿಮಟದಿಂದ ಕಿತ್ತೆಸೆದೆ. ಅಗಲಿದವನ ಮಣ್ಣಿಗೆ ಬಂದಂತೆ ಅದರ ಬಂಧುಬಳಗವೆಲ್ಲ ಬಂದು ಅಲ್ಲಿಯೇ ಉಳಿದುಬಿಟ್ಟಿತು. ತಿಂಗಳ ಮುಟ್ಟು ತನಗೆ ಮನಸ್ಸಾದಾಗ ಬರತೊಡಗಿತು. ಕೊರೊನಾ ಮುಗಿದು ಊರೆಲ್ಲ ಮಾಸ್ಕ್ ಮರೆತ ಮೇಲೂ ನಾನೊಬ್ಬಳು ಅದನ್ನು ತೆಗೆಯಲಿಲ್ಲ. ಟೀಚರಿಗೆ ಜೀವದ ಮೇಲೆ ಎಷ್ಟೊಂದು ಆಸೆ ಎಂದು ಮಕ್ಕಳು ಆಡಿಕೊಂಡರು.

ನನ್ನ ಅವ್ವ ಮಂಗಲಾಬಾಯಿಗೆ ಇದು ಗೊತ್ತಾದದ್ದು ತಲೆಗೆ ಎಣ್ಣೆ ಹಚ್ಚುವಾಗ. "ಅಯ್ಯ ಪ್ರಾಜು, ಇದೇನವಾ ಇದು" ಎಂದವಳು ಅಂದಿನಿಂದಲೇ ಕಡಲೆಹಿಟ್ಟು, ಅರಿಶಿನ, ಹಾಲಿನ ಕೆನೆ ಕಲಸಿ ನನ್ನ ಮುಖಕ್ಕೆ ಬಳಿಯತೊಡಗಿದಳು. ಫಲಿತಾಂಶ ಚೆನ್ನಾಗಿಯೇ ಬಂತು: ಕೂದಲು ಇದ್ದಲ್ಲಿಯೇ ಇದ್ದು ಬಂಗಾರದ ಬಣ್ಣಕ್ಕೆ ತಿರುಗಿದವು. ಅಥಣಿಯ ಪಾರ್ಲರಿನ ಕಾಜಲ ಎಂಬ ಹುಡುಗಿ ನನ್ನನ್ನು ಕಂಡೊಡನೆ, "ಬರ್ರಿ ಅಕ್ಕಾ, ನಿಮ್ಮ ಸಲುವಾಗಿ ಹೊಸಾ ದಾರದ ಉಂಡಿ ತಗದಿಟ್ಟೇನಿ" ಎನ್ನುವಷ್ಟು ಸಲಿಗೆ ಬೆಳೆಯಿತು. ಒಬ್ಬ ಹೆಣ್ಣುಮಗಳಿಗೆ ಖಾಯಂ ಗಿರಾಕಿಯನ್ನು ದೊರಕಿಸಿಕೊಟ್ಟ ತಮ್ಮ ಉಪಕಾರವನ್ನು ನಾನು ಅಲ್ಲಗಳೆಯಲಾರೆ.

ಕೊನೆಗೊಂದು ದಿನ ದ್ರಾಕ್ಷಿ ತೋಟದ ಕೆಲಸ ಬಿಟ್ಟು ಅಪ್ಪ ಜಿನ್ನಪ್ಪ ನನ್ನನ್ನು ಮೋಟರ್‌ಸೈಕಲ್ ಮೇಲೆ ಕೂರಿಸಿಕೊಂಡು ಮಿರಜಿಗೆ ಹೋದರು. ಅಲ್ಲಿಯ ಡಾಕ್ಟರ್‌ಬಾಯಿ ರಕ್ತ ಪರೀಕ್ಷೆ ಮಾಡಿಸಿ, ಸ್ಕ್ಯಾನಿಂಗ್ ನೋಡಿ, "ಈ ಹಾರ್ಮೋನ ಎಲ್ಲಾ ಹೆಣ್ಣಮಕ್ಕಳ ಮೈಯಾಗೂ ಇರತೈತ್ರಿ. ನಿಮ್ಮ ಮಗಳಿಗೆ ಒಂಚೂರು ಹೆಚ್ಚಾಗೇತಿ, ಅಷ್ಟ. ಭಾಳ ಮಂದೀಗೆ ಆಗತೈತಿ" ಎಂದರು. ಅಪ್ಪ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಹೆಂಗಸರ ಇಂಥ ಮಾತು ಅವರ ಎದುರಿಗೆ ಎಂದೂ ನಡೆದಿರಲಿಲ್ಲ.

ಆಮೇಲೆ ಅವರೇ ಬಾಯಿಬಿಟ್ಟರು. "ಡಾಕ್ಟರ್‌ಬಾಯಿ, ಕಾಳು ದಪ್ಪ ಆಗ್ಲಿ ಅಂತ ದ್ರಾಕ್ಷಿಗೊನಿ ನಾವೂ ಹಾರ್ಮೋನಿನ್ಯಾಗ ಅದ್ದತೇವ್ರಿ. ಹದಾ ತಪ್ಪಿ ಒಂದೀಟ ಹೆಚ್ಚಾತಂದ್ರ ಬೆಳಿ ಹೆಂಗೆಂಗರ ಬರತೈತಿ. ಅದರಾಗ ಬಳ್ಳೀದೇನ ತಪ್ಪ ಐತ್ರಿ?"

"ಏನೂ ಇಲ್ರಿ" ಎಂದು ಡಾಕ್ಟರ್‌ಬಾಯಿ ನಕ್ಕು ಗುಳಿಗೆ ಬರೆದುಕೊಟ್ಟರು. ದಿನಾ ಬಿರುಸಾಗಿ ನಡೆಯಬೇಕು, ಕೂದಲು ಕಡಿಮೆಯಾಗಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಅಲ್ಲಿಯವರೆಗೆ ತಾಳ್ಮೆ ಬೇಕು ಎಂದು ಹೇಳಿ ಕಳಿಸಿದರು. ದಾರಿಯುದ್ದಕ್ಕೂ ನಾನು ಅಪ್ಪನ ಬೆನ್ನ ಹಿಂದೆ ಅತ್ತೆ. ಅವರಿಗೆ ತಿಳಿಯಿತೋ ಏನೋ, ಒಂದು ಕಡೆ ಗಾಡಿ ನಿಲ್ಲಿಸಿ ಕಬ್ಬಿನ ಹಾಲು ಕುಡಿಸಿದರು.

ಇಲ್ಲಿಗೆ ನಮ್ಮಿಬ್ಬರ ವ್ಯವಹಾರ ಮುಗಿದಿದ್ದರೆ ಈ ಪತ್ರದ ಪ್ರಮೇಯವೇ ಇರುತ್ತಿರಲಿಲ್ಲ. ಆದರೆ ತಮ್ಮ ಸೇವಾವ್ಯಾಪ್ತಿ ದೊಡ್ಡದು. ನನ್ನ ಒಂಬತ್ತನೇ ಈಯತ್ತೆಯ ರಾಜೇಶ್ವರಿ ಎಂಬ ಕುರಿಗಾರರ ಹುಡುಗಿಯ ಮೇಲ್ದುಟಿಗೂ ಗದ್ದಕ್ಕೂ ತಾವು ದಯೆ ತೋರಿದಿರಿ. ಸಮ್ಮೇದ ಎಂಬ ಹುಡುಗ ಅವಳಿಗೆ 'ಮೀಸಿ ಮಾಮಾ' ಎಂದು ಹೆಸರಿಟ್ಟ. ದೀಪಾವಳಿ ಸೂಟಿ ಮುಗಿದರೂ ಅವಳು ಶಾಲೆಗೆ ಬರಲಿಲ್ಲ.

ನಾನು ಸ್ಕೂಟಿ ಹತ್ತಿ ಅವರ ಕುರಿಹಟ್ಟಿ ಇದ್ದ ಹೊಲ ಹುಡುಕಿಕೊಂಡು ಹೋದೆ. ಅವಳ ಅಜ್ಜಿ ಲಗಮವ್ವ ಕಂಬಳಿ ಹಾಸಿ ಕೂರಿಸಿ, "ಓದಿದ್ದು ಸಾಕಂತ್ರಿ ಅಕಿಗೆ. ಯಾಕ ಅಂತ ಕೇಳಿದ್ರ ಬಾಯೇ ಬಿಡವಲ್ಲಳು" ಎಂದಳು. ಹುಡುಗಿ ಓಢಣಿಯನ್ನು ಮೂಗಿನವರೆಗೆ ಸುತ್ತಿಕೊಂಡು ಮರಿಯೊಂದರ ಬೆನ್ನು ಸವರುತ್ತ ನಿಂತಿದ್ದಳು. ನಾನು ಏನು ಹೇಳಬೇಕೆಂದು ಮನಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದೆನೋ ಅದೆಲ್ಲ ಮರೆತುಹೋಯಿತು. ಸುಮ್ಮನೆ ಮಾಸ್ಕ್ ತೆಗೆದೆ. ಪಾರ್ಲರಿಗೆ ಹೋಗದೆ ಬಹಳ ದಿನವಾಗಿತ್ತು.

ರಾಜೇಶ್ವರಿ ಹತ್ತಿರ ಬಂದು ಬಗ್ಗಿ ನೋಡಿದಳು. "ಟೀಚರ್, ನಿಮ್ಮವು ನನ್ನಕಿಂತ ಭಾಳ ಅದಾವ್ರಿ" ಎಂದಳು. ಅವಳ ದನಿಯಲ್ಲಿದ್ದ ಸಮಾಧಾನವನ್ನು, ಮಾನ್ಯರೇ, ತಾವು ಕೇಳಬೇಕಾಗಿತ್ತು.

ಲಗಮವ್ವನಿಗೆ ಆಗ ಸಂಗತಿ ತಿಳಿಯಿತು. ಮೊದಲು ನನ್ನ ಗದ್ದ ನೋಡಿದಳು, ಆಮೇಲೆ ಮೊಮ್ಮಗಳದು, ಆಮೇಲೆ ತನ್ನದನ್ನು ತಾನೇ ಸವರಿಕೊಂಡಳು. "ಇದಕ್ಕ ಸಾಲಿ ಬಿಟ್ಟೀಯೇನ ಬೇ? ನನಗೂ ಅದಾವ ನೋಡು. ಕುರಿ ಸಂತ್ಯಾಗ ದಲಾಲರು ಇವನ್ನ ನೋಡಿ ನನ್ನ ಜೋಡಿ ಅಂಜಿ ಮಾತಾಡತಾರ."

ಮೂವರೂ ನಕ್ಕೆವು. ಮಿರಜಿಗೆ ನನ್ನ ಜೊತೆಗೇ ಕರೆದುಕೊಂಡು ಹೋಗುತ್ತೇನೆ, ಔಷಧದಿಂದ ಇದು ಕಡಿಮೆಯಾಗುತ್ತದೆ, ಅಲ್ಲಿಯವರೆಗೆ ಶಾಲೆ ಬಿಡುವುದು ಬೇಡ ಎಂದು ನಾನು ಹೇಳಿದೆ. ಹುಡುಗಿ ನನ್ನ ಕೈಯಲ್ಲಿದ್ದ ಮಾಸ್ಕಿಗೆ ಬೊಟ್ಟು ಮಾಡಿ, "ನೀವು ಮಾಸ್ಕ್ ಹಾಕ್ಕೊಂಡ ಬರತೀರಿ. ನಾ ಏನ ಹಾಕ್ಕೊಂಡ ಬರ್ಲಿರಿ?" ಎಂದು ಕೇಳಿದಳು.

ಸೋಮವಾರದಿಂದ ನಾನೂ ಹಾಕಿಕೊಳ್ಳುವುದಿಲ್ಲ ಎಂದೆ. ಸೋಮವಾರ ನಾನು ಬರಿ ಮುಖದಲ್ಲಿ ಶಾಲೆಗೆ ಹೋದೆ. ಗೇಟಿನ ಬಳಿ ಲಗಮವ್ವ ಮೊಮ್ಮಗಳ ಕೈಹಿಡಿದು ನಿಂತಿದ್ದಳು. ನನ್ನ ಮುಖ ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಆ ಕೈ ಬಿಟ್ಟಳು. ನಾನು ನೇರ ಅವಳ ವರ್ಗಕ್ಕೆ ಹೋದೆ. ಬೋರ್ಡಿನ ಮೇಲೆ ತಮ್ಮ ಶುಭನಾಮವನ್ನು ದಪ್ಪ ಅಕ್ಷರದಲ್ಲಿ ಬರೆದು, ತಾವು ಗಂಡಿನಲ್ಲಿಯೂ ಹೆಣ್ಣಿನಲ್ಲಿಯೂ ಇರುವಿರೆಂದೂ, ಕೆಲವರಲ್ಲಿ ಪ್ರಮಾಣ ಮೀರುವಿರೆಂದೂ, ಅದರ ಫಲವೇ ನನ್ನ ಈ ಗದ್ದವೆಂದೂ ಪಾಠ ಮಾಡಿದೆ.

ಪಾಠ ಮುಗಿದಾಗ ಸಮ್ಮೇದ ಎದ್ದು ನಿಂತ. ಏನು ಕುಹಕ ಕಾದಿದೆಯೋ ಎಂದುಕೊಂಡೆ. ಅವನು ಬಹಳ ಗಂಭೀರವಾಗಿ, "ಟೀಚರ್, ಹಂಗಾರ ನನಗ್ಯಾಕ ಇನ್ನೂ ಮೀಸಿ ಬಂದಿಲ್ರಿ?" ಎಂದ. ಇಡೀ ವರ್ಗ ನಕ್ಕಿತು, ಎಲ್ಲರಿಗಿಂತ ಜೋರಾಗಿ ರಾಜೇಶ್ವರಿ. ಹುಡುಗನ ಕಿವಿ ಕೆಂಪಾದವು. ವೇಳೆ ಬಂದಾಗ ಬರುತ್ತದೆಯೆಂದು ನಾನು ಅವನಿಗೆ ಧೈರ್ಯ ಹೇಳಿದೆ. ಆ ಅಡ್ಡಹೆಸರು ಮತ್ತೆ ಕಿವಿಗೆ ಬೀಳಲಿಲ್ಲ. ಬದಲಿಗೆ ಬಿಡುವಿನ ವೇಳೆಯಲ್ಲಿ ಬೇರೆ ಹುಡುಗಿಯರು, ಅವರ ಹಿಂದೆ ನಮ್ಮ ಹಿಂದಿ ಟೀಚರು, ಮಿರಜಿನ ಡಾಕ್ಟರ್‌ಬಾಯಿಯ ನಂಬರು ಕೇಳಿಕೊಂಡು ಬಂದರು. ರಾಜೇಶ್ವರಿ ಈಗ ನನ್ನ ಜೊತೆಗೇ ಮಿರಜಿಗೆ ಬಂದು ಹೋಗುತ್ತಾಳೆ.

ಆದ್ದರಿಂದ ಮಾನ್ಯರಲ್ಲಿ ನನ್ನ ವಿನಂತಿ ಇಷ್ಟೇ. ತಾವು ಪೂರ್ತಿ ರಾಜೀನಾಮೆ ಕೊಡುವುದು ಬೇಡ. ನಮ್ಮ ಎಲುಬಿಗೂ ಕಸುವಿಗೂ ತಾವು ಬೇಕೆಂದು ಡಾಕ್ಟರ್‌ಬಾಯಿಯೇ ಹೇಳಿದ್ದಾರೆ. ಆದರೆ ನಮ್ಮ ಗದ್ದಗಳಲ್ಲಿರುವ ತಮ್ಮ ಹೆಚ್ಚುವರಿ ಸಿಬ್ಬಂದಿಯನ್ನು ಕೂಡಲೇ ಸಮ್ಮೇದನ ಮೇಲ್ದುಟಿಗೆ ವರ್ಗಾಯಿಸಬೇಕು. ಅಲ್ಲಿ ಜಾಗಗಳೆಲ್ಲ ಖಾಲಿ ಇವೆ, ಅಭ್ಯರ್ಥಿ ಸ್ವತಃ ಎದ್ದು ನಿಂತು ಬೇಡಿಕೆ ಸಲ್ಲಿಸಿದ್ದಾನೆ.

ಗುಳಿಗೆ ನುಂಗುತ್ತಿದ್ದರೂ ಗೌರವ ಕುಂದಿಸದ,
ತಮ್ಮ ವಿಶ್ವಾಸಿ,
ಪ್ರಾಜಕ್ತಾ ಜಿನ್ನಪ್ಪ ಚೌಗಲಾ

ತಾ.ಕ.: ಕಳೆದ ವಾರ ನನ್ನನ್ನು ನೋಡಲೆಂದು ನಿಪ್ಪಾಣಿಯ ಕಡೆಯ ವರನೊಬ್ಬನ ತಾಯಿ, ಟೋಪಿ ಹಾಕಿದ ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು ವಿಡಿಯೋ ಕಾಲ್ ಮಾಡಿ, "ಹುಡುಗಿ ಮಾರಿ ಸ್ವಲ್ಪ ಹತ್ತರ ತೋರಸ್ರಿ" ಎಂದರು. ಅವ್ವ ಫೋನನ್ನು ನನ್ನ ಗದ್ದಕ್ಕೆ ತಾಗುವಂತೆ ಹಿಡಿದು, ನೋಡಿಕೊಳ್ಳುವಷ್ಟು ಹೊತ್ತು ನೋಡಿಕೊಳ್ಳಲೆಂದು ಕಾದು, "ಆತೇನ್ರಿ? ಈಗ ಹುಡುಗನ ಟೋಪಿ ತಗಸ್ರಿ" ಎಂದಳು. ಟೋಪಿಯ ಕೆಳಗೆ ನೆತ್ತಿ ನುಣ್ಣಗಿತ್ತು. ಅದೂ ತಮ್ಮದೇ ಕೈಚಳಕವೆಂದು ಡಾಕ್ಟರ್‌ಬಾಯಿ ಹೇಳುತ್ತಾರೆ. ಹಾಗಿದ್ದರೆ ಮಾನ್ಯರೇ, ತಾವು ನಕ್ಷೆಯನ್ನು ತಲೆಕೆಳಗೆ ಹಿಡಿದುಕೊಂಡು ಕೆಲಸಕ್ಕೆ ಹೊರಡುತ್ತೀರೆಂದು ನನಗೆ ಬಲವಾದ ಅನುಮಾನ.