ಮರೆಗುಳಿ ಗೋಡೆ

"ಗೋಡೆಗೆ ತಾನು ಗೋಡೆ ಅನ್ನೋದೇ ಮರೆತುಹೋಗಬೇಕು! ಅಷ್ಟೇ ನನ್ನ ಸಿದ್ಧಾಂತ!" ಎಂದು ಪಶುಪತಿಯವರು ಅಂಗಳದ ನಡುವೆ ನಿಂತು ಸಾರಿದರು.

"ಇವರಿಗೆ ಚಪ್ಪಲಿ ಎಲ್ಲಿ ಬಿಟ್ಟೆ ಅನ್ನೋದೇ ನೆನಪಿರಲ್ಲ, ಇನ್ನು ಗೋಡೆಗೆ ಮರೆಸ್ತಾರಂತೆ!" ಎಂದರು ಪಕ್ಕದ ಮನೆಯ ಶಿವನಂಜಪ್ಪನವರು. ಯಾರೂ ನಗಲಿಲ್ಲ. ಬೀದಿಯ ಜನರೆಲ್ಲ ಯಂತ್ರವನ್ನೇ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ಯಂತ್ರದ ಹೆಸರು ಭಿತ್ತಿವಿಸ್ಮಾರಕ. ಹಳೆಯ ಗ್ರೈಂಡರಿನ ಪಾತ್ರೆ, ಅದರ ನೆತ್ತಿಗೆ ಬಟ್ಟೆ ಕಳಚಿದ ಕೊಡೆ, ಹೊಟ್ಟೆಗೆ ಫ್ಯಾನಿನ ರೆಗ್ಯುಲೇಟರು. ನಂಜನಗೂಡಿನ ಆ ಬೀದಿಯ ಮನೆಗಳೆಲ್ಲ ಮುತ್ತಾತಂದಿರ ಕಾಲದವು; ಗೋಡೆಗಳು ಎರಡು ಮೊಳ ದಪ್ಪ. ಪಶುಪತಿಯವರ ಕೋಣೆಯ ವೈಫೈ ಆ ಗೋಡೆಗೆ ಡಿಕ್ಕಿ ಹೊಡೆದು ಅಲ್ಲೇ ಕೂತುಬಿಡುತ್ತಿತ್ತು, ಅಂಗಳಕ್ಕೆ ಬರುತ್ತಿರಲಿಲ್ಲ.

ಪಶುಪತಿಯವರು ಸ್ವಿಚ್ಚು ಒತ್ತಿದರು. ಕೊಡೆ ಗಿರ್ರೆಂದು ತಿರುಗಿತು. ಮರುಕ್ಷಣ ಅಂಗಳದಲ್ಲಿದ್ದ ಫೋನುಗಳೆಲ್ಲ ಒಟ್ಟಿಗೇ ಟಿಣ್ ಟಿಣ್ ಎಂದವು! ಜನ ಚಪ್ಪಾಳೆ ತಟ್ಟಿದರು.

"ನನ್ನ ಫೋನಿಗೆ ಬಂದೇ ಇಲ್ಲ! ಬರೀ ಬುರುಡೆ!" ಎಂದು ಶಿವನಂಜಪ್ಪನವರು ಕೂಗಿದರು.

ಅವರ ಹೆಂಡತಿ ಗೌರಮ್ಮ ಫೋನು ಕಿತ್ತುಕೊಂಡು ನೋಡಿದರು. "ರೀ, ವೈಫೈ ಆನ್ ಮಾಡಿದ್ರೆ ತಾನೇ ಬರೋದು?"

ಈಗ ಎಲ್ಲರೂ ನಕ್ಕರು.

ಅಲ್ಲಿಂದ ಶಿವನಂಜಪ್ಪನವರ ಹೊಟ್ಟೆಯಲ್ಲಿ ಹೊತ್ತಿದ್ದು ಆರಲಿಲ್ಲ. ಆರುವುದಾದರೂ ಹೇಗೆ? ಅಷ್ಟು ವರ್ಷ ಸಂಜೆಯಾದರೆ ಬೀದಿ ಸೇರುತ್ತಿದ್ದದ್ದು ಅವರ ಜಗಲಿಯಲ್ಲಿ. ಪೇಪರು ಓದಿ, ಯಾವ ಮಂತ್ರಿ ಯಾಕೆ ಹಾಗಂದ ಎಂದು ಅವರು ಬಿಡಿಸಿ ಹೇಳಬೇಕು, ಜನ ಹೌದೌದು ಅನ್ನಬೇಕು. ಈಗ ಜಗಲಿಯಲ್ಲಿ ಒಂದು ನಾಯಿ ಮಾತ್ರ ಮಲಗಿರುತ್ತಿತ್ತು. ಅದಕ್ಕೇ ಒಂದು ದಿನ ಅವರು ತಲೆಬರಹಗಳನ್ನು ಓದಿ ಹೇಳಿದರು. ಅದೂ ಎದ್ದು ಪಶುಪತಿಯವರ ಅಂಗಳಕ್ಕೆ ಹೋಯಿತು.

"ನೀನೂ ಹೊರಟ್ಯಾ?" ಎಂದು ಹೆಂಡತಿಯನ್ನು ತಡೆದರು.

"ನಿನ್ನೆ ಧಾರಾವಾಹಿ ತಪ್ಪಿಹೋಗಿದೆ ಕಣ್ರೀ. ಅಲ್ಲಿ ಕೂತು ನೋಡ್ಕೊಂಡು ಬರ್ತೀನಿ. ಅವರ ಮನೇಲಿ ಕಾಫೀನೂ ಕೊಡ್ತಾರೆ."

"ನಮ್ಮನೇಲಿ ಕಾಫಿ ಇಲ್ವಾ?"

"ಇದೆ. ಮಾಡೋಳು ನಾನು!"

ಗೌರಮ್ಮ ಹೊರಟೇಹೋದರು. ಶಿವನಂಜಪ್ಪನವರ ಮನೆಯ ಹಾಲಿನ ಗೋಡೆಯ ಆಚೆಗೇ ಆ ಅಂಗಳ. ಅವರು ಗೋಡೆಗೆ ಕಿವಿಯಿಟ್ಟರು. ಮಾತು ಅರ್ಥವಾಗಲಿಲ್ಲ, ನಗು ಮಾತ್ರ ಕೇಳಿಸಿತು. ನನ್ನನ್ನೇ ನೋಡಿ, ಅಲ್ಲ, ನನ್ನನ್ನೇ ನೆನೆದು ನಗುತ್ತಿದ್ದಾರೆ ಎಂದು ಅವರಿಗೆ ಖಾತ್ರಿಯಾಯಿತು.

ಮರುದಿನ ಮಧ್ಯಾಹ್ನ ಪಶುಪತಿಯವರು ಗೊರಕೆ ಹೊಡೆಯುವ ಹೊತ್ತಿಗೆ ಶಿವನಂಜಪ್ಪನವರು ಬೆಕ್ಕಿನ ಹೆಜ್ಜೆಯಲ್ಲಿ ಅಂಗಳಕ್ಕೆ ನುಗ್ಗಿದರು. ರೆಗ್ಯುಲೇಟರನ್ನು ಎಡಕ್ಕೆ, ಇನ್ನು ತಿರುಗುವುದಿಲ್ಲ ಅನ್ನುವಷ್ಟು ತಿರುಗಿಸಿದರು. ಎಡಕ್ಕೆ ತಿರುಗಿಸಿದರೆ ಕಡಿಮೆಯಾಗುವುದು ಲೋಕದ ರೂಢಿ. ಆದರೆ ಪಶುಪತಿಯವರು ಎಡಚರು! ತಮ್ಮ ಕೈಗೆ ಒಗ್ಗುವಂತೆ ಎಲ್ಲವನ್ನೂ ಉಲ್ಟಾ ಜೋಡಿಸಿದ್ದರು.

ಸಂಜೆ ಆಚೆ ಯಂತ್ರ ಗಿರ್ರೆನ್ನುತ್ತಲೇ ಶಿವನಂಜಪ್ಪನವರು ಬನಿಯನ್, ಪಟ್ಟೆ ಚಡ್ಡಿಯಲ್ಲೇ ಹಾಲಿನ ಗೋಡೆಗೆ ಕಿವಿಯಿಟ್ಟು ನಿಂತರು. "ಅಯ್ಯೋ, ನೆಟ್ಟೇ ಬರ್ತಿಲ್ಲ" ಎಂಬ ಅಳಲನ್ನು ಕೇಳಿ ಆನಂದಿಸಬೇಕಿತ್ತು. ಅಚ್ಚರಿ! ಇವತ್ತು ಒಂದೊಂದು ಮಾತೂ ಸ್ಪಷ್ಟ.

"ನಂಜಪ್ಪನೋರು ಯಾಕೆ ಈ ಕಡೆ ಬರೋದೇ ಇಲ್ಲ?" ಎಂದು ತರಕಾರಿ ಚೆಲುವಮ್ಮ ಕೇಳುತ್ತಿದ್ದಳು.

"ಅವರಿಗೆ ಸ್ವಲ್ಪ ಹೊಟ್ಟೆಕಿಚ್ಚು" ಎಂದ ದನಿ ಸಾಕ್ಷಾತ್ ಗೌರಮ್ಮನದು.

"ಯಾರಿಗೇ ಹೊಟ್ಟೆಕಿಚ್ಚು?" ಶಿವನಂಜಪ್ಪನವರು ತಡೆಯಲಾರದೆ ಗುಡುಗಿದರು.

ಅಂಗಳದವರೆಲ್ಲ ದನಿ ಬಂದತ್ತ ತಿರುಗಿದರು. ಗೋಡೆ ಮೊದಲು ಮಂಜಿನಂತೆ ಬೆಳ್ಳಗಾಯಿತು, ಆಮೇಲೆ ಗಾಜಿನಂತೆ ತಿಳಿಯಾಯಿತು. ಇಡೀ ಬೀದಿಯ ಕಣ್ಣೆದುರು, ಪಟ್ಟೆ ಚಡ್ಡಿಯ ಶಿವನಂಜಪ್ಪನವರು ಗಾಳಿಗೆ ಕಿವಿಯಾನಿಸಿಕೊಂಡು ಓರೆಯಾಗಿ ನಿಂತಿದ್ದರು!

ಓಡಿಹೋಗಬೇಕೆಂದು ಅವರು ಗೋಡೆಗೆ ಕೈಯೂರಿದರು. ಆನಿಸಿಕೊಳ್ಳಲು ಗೋಡೆಯೇ ಇರಲಿಲ್ಲ. ದಬಕ್ಕನೆ ಬಂದು ಚೆಲುವಮ್ಮನ ಸೊಪ್ಪಿನ ಬುಟ್ಟಿಯೊಳಗೆ ಬಿದ್ದರು. ಹಿಂದೆಯೇ ಅವರ ಹಾಲಿನ ಕ್ಯಾಲೆಂಡರು, ಗಡಿಯಾರ, ತಂದೆಯವರ ಫೋಟೋ ಒಂದೊಂದಾಗಿ ಉದುರಿದವು; ಮೊಳೆಗೆ ಹಿಡಿದುಕೊಳ್ಳಲು ಏನೂ ಉಳಿದಿರಲಿಲ್ಲ. ಚೆಲುವಮ್ಮನ ಮೇಕೆ ಪಶುಪತಿಯವರ ಗೋಡೆಯನ್ನು ಹಾದು ಅಡುಗೆಮನೆಗೆ ಹೋಗಿ, ಒಂದು ಕಟ್ಟು ಕೊತ್ತಂಬರಿ ಕಚ್ಚಿಕೊಂಡು ಹೊರಬಂತು. ಎರಡೂ ಮನೆಯ ಸೂರುಗಳು ಮಾತ್ರ ಗಾಳಿಯಲ್ಲಿ ಹಾಗೇ ನಿಂತಿದ್ದವು. ಅವಕ್ಕೆ ಯಾರೂ ವಿಷಯ ತಿಳಿಸಿರಲಿಲ್ಲ.

"ಯಾರೋ ರೆಗ್ಯುಲೇಟರ್ ಜಾಸ್ತಿ ಮಾಡಿದಾರೆ!" ಎಂದು ಪಶುಪತಿಯವರು ತಲೆ ಚಚ್ಚಿಕೊಂಡರು.

"ಸುಳ್ಳು! ನಾನು ಕಡಿಮೆ ಮಾಡಿದ್ದು!" ಎಂದರು ಶಿವನಂಜಪ್ಪನವರು. ಬಾಯಿಂದ ಹೊರಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡರು.

ಗೌರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಆದರೆ ಅಷ್ಟರಲ್ಲಿ ಯಾರೋ, "ಅರೆ, ನಂಜಪ್ಪನೋರ ಹಾಲಲ್ಲಿ ಫ್ಯಾನ್ ಇದೆ ಕಣ್ರಪ್ಪ! ಇಲ್ಲಿ ಸೊಳ್ಳೆ ಕಾಟ" ಎಂದರು. ನೋಡುನೋಡುತ್ತಿದ್ದಂತೆ ಅಂಗಳದ ಜನವೆಲ್ಲ ಗೋಡೆಯಿದ್ದ ಜಾಗವನ್ನು ಹಾದು ಹಾಲಿಗೆ ಹೋಗಿ ಕೂತರು. ಶಿವನಂಜಪ್ಪನವರ ಮುಖ ಊರಗಲವಾಯಿತು. ನಾಚಿಕೆ, ಚಡ್ಡಿ, ಎರಡೂ ಮರೆತುಹೋದವು.

"ಬನ್ನಿ, ಬನ್ನಿ! ಚಾಪೆ ಹಾಸ್ತೀನಿ! ಗೌರಾ, ಕಾಫಿ!"

"ನೆಟ್ಟು ಸ್ವಲ್ಪ ನಿಧಾನ ಇಲ್ಲಿ" ಎಂದಳು ಚೆಲುವಮ್ಮ.

ಅಷ್ಟು ಸಾಕಾಯಿತು. ಶಿವನಂಜಪ್ಪನವರು ನೆಟ್ಟಗೆ ಪಶುಪತಿಯವರ ಕೋಣೆಗೆ ನುಗ್ಗಿ, ರೂಟರನ್ನು ಅದರ ಉದ್ದನೆಯ ವೈರಿನ ಸಮೇತ ಎತ್ತಿಕೊಂಡು ಬಂದರು. ಖಾಲಿ ಅಂಗಳ ನೋಡುತ್ತ ನಿಂತಿದ್ದ ಪಶುಪತಿಯವರು ಓಡಿಬಂದು ಅದರ ಇನ್ನೊಂದು ತುದಿ ಹಿಡಿದರು.

"ಬಿಡ್ರೀ, ಅದು ನನ್ನ ರೂಟರು!"

"ಜನ ನನ್ನ ಹಾಲಲ್ಲಿದಾರೆ!"

"ಜನ ನನ್ನೋರು!"

"ನಿಮಗಿಂತ ಮುಂಚೆ ನನ್ನ ಜಗಲೀಗೆ ಬರ್ತಿದ್ರು!"

ಗೋಡೆಯಿದ್ದ ಜಾಗದಲ್ಲಿ ಒಬ್ಬರು ಈಚೆ, ಒಬ್ಬರು ಆಚೆ ನಿಂತು ಹಗ್ಗಜಗ್ಗಾಟ! ಆಗಲೇ ಕರೆಂಟು ಹೋಯಿತು. ಕೊಡೆ ನಿಂತಿತು. ಗಾಳಿ ಗಟ್ಟಿಯಾಗತೊಡಗಿ, ಬೆರಳುಗಳಿಗೆ ಹಿಟ್ಟಿನಂತೆ ಮೆತ್ತಿಕೊಂಡಿತು.

"ಕೈ ತೆಗೀರೀ!" ಎಂದು ಗೌರಮ್ಮ ಕಿರುಚಿದರು. ಇಬ್ಬರೂ ಸರಕ್ಕನೆ ಕೈ ಎಳೆದುಕೊಂಡರು. ದಢ್ ಎಂದು ಗೋಡೆಗೆ ಎಲ್ಲ ನೆನಪಾಯಿತು.

ಕರೆಂಟು ಮರಳಿದಾಗ ಯಂತ್ರದಿಂದ ಹೊಗೆ ಬಂತು, ಮತ್ತೇನೂ ಬರಲಿಲ್ಲ. ರೂಟರು ಎರಡು ಮೊಳದ ಗೋಡೆಯ ನಟ್ಟನಡುವೆ ಹೂತುಹೋಗಿತ್ತು. ಅಂಗಳದ ಕಡೆ ಅದರ ವೈರು ಮಾತ್ರ ಇಲಿಯ ಬಾಲದಂತೆ ಇಣುಕುತ್ತಿತ್ತು. ವೈರಿಗೆ ಕರೆಂಟು ಕೊಟ್ಟರೆ ವೈಫೈ ಬರುತ್ತಿತ್ತು. ಆದರೆ ಫೋನನ್ನು ಗೋಡೆಗೆ ಒತ್ತಿ ಹಿಡಿದರೆ ಮಾತ್ರ! ಗೋಡೆ ಒಡೆಸೋಣವೆಂದರೆ, ರೂಟರು ತನ್ನ ಕಡೆಗೇ ಬೀಳಬೇಕೆಂದು ಇಬ್ಬರದೂ ಹಟ.

ಈಗ ಸಂಜೆಯಾದರೆ ಬೀದಿಯ ಜನ ಅರ್ಧ ಆಚೆ, ಅರ್ಧ ಈಚೆ, ಹಲ್ಲಿಗಳಂತೆ ಗೋಡೆಗೆ ಅಂಟಿಕೊಂಡಿರುತ್ತಾರೆ. ಶಿವನಂಜಪ್ಪನವರಿಗೆ ಅದರಲ್ಲೂ ನೆಮ್ಮದಿಯಿಲ್ಲ. ಮೊನ್ನೆ ತಮ್ಮ ಹಾಲಿನ ಹಲ್ಲಿಗಳನ್ನೆಲ್ಲ ಎಣಿಸಿ ನೋಡಿ, ಅಡುಗೆಮನೆಯತ್ತ ತಿರುಗಿ ಕೂಗಿದರು:

"ಗೌರಾ, ಆ ಕಡೆ ಎಷ್ಟು ಜನ ಇದಾರೆ, ನೋಡ್ಕೊಂಡು ಬಾರೇ!"

ಉತ್ತರ ಗೋಡೆಯ ಆಚೆಯಿಂದ ಬಂತು.

"ನನ್ನನ್ನೂ ಸೇರಿಸಿದ್ರೆ ಎಂಟು ಕಣ್ರೀ!"